ಮನೆಯವರ ಸಹಜ ಫೋಟೋ ಬೇಕಾ? ಅವರೆಕಾಯಿ ಸುಲಿಯೋಕೆ ಕೂರಿಸಿ

ಚಳಿಗಾಲದಲ್ಲಿ ಮನೆಯವರ ಫೋಟೋ ತೆಗೆಯಬೇಕು ಅಂತಿದ್ದರೆ, ದಯವಿಟ್ಟು ಎಲ್ಲರನ್ನೂ ಸಾಲಾಗಿ ನಿಲ್ಲಿಸಬೇಡಿ. ಕೈಗೊಂದು ಕೆಲಸ ಕೊಡಿ. ಬೆಂಗಳೂರು, ಮೈಸೂರು ಕಡೆ ಇದು ಅವರೆಕಾಯಿ ಕಾಲ ಅಲ್ವಾ? ಮಹಡಿ ಮೇಲೆ ಚಾಪೆ ಹಾಸಿ, ಒಂದು ಮೊರ ಕಾಯಿ ಸುರಿಯಿರಿ. ಪಕ್ಕದಲ್ಲಿ ನೆನೆಸಿದ ಕಾಳೂ ಇರಲಿ. ಅಜ್ಜಿ ಹಿತುಕಿದಾಗ ಬೇಳೆ ಪುಳಕ್ಕಂತ ಚಿಮ್ಮುತ್ತದೆ, ಮಕ್ಕಳು ಹಿಡಿಯೋಕೆ ಹೋಗುತ್ತಾರೆ. ಆ ಹೊತ್ತಿಗೆ ಕ್ಯಾಮೆರಾದ ಬರ್ಸ್ಟ್ ಮೋಡ್ (ಒಂದರ ಹಿಂದೊಂದು ಸರಸರ ಫೋಟೋ ತೆಗೆಯೋದು) ಆನ್ ಇರಲಿ. ಹತ್ತರಲ್ಲಿ ಒಂದು ಚೆನ್ನಾಗಿ ಬಂದರೂ ಸಾಕು.

ಬೆಂಗಳೂರಿನಲ್ಲಿ ಜನವರಿಯಲ್ಲಿ ಸೂರ್ಯ ಹುಟ್ಟುವುದು ಸುಮಾರು 6.45ಕ್ಕೆ. 7.30ರಿಂದ 9ರ ಎಳೆಬಿಸಿಲು ತುಂಬಾ ಚೆನ್ನ. ಬಿಸಿಲು ಪಕ್ಕದಿಂದ ಬೀಳುವ ಹಾಗೆ ಕೂರಿಸಿ. ನೇರ ಮುಖಕ್ಕೆ ಬಿದ್ದರೆ ಕಣ್ಣು ಕಿರಿದಾಗುತ್ತದೆ. ನೀವೂ ನೆಲದ ಮೇಲೆ ಕೂತು, ಅವರ ಕಣ್ಣಿನ ಮಟ್ಟದಲ್ಲೇ ತೆಗೆಯಿರಿ.

ತಾತನ ಮಂಕಿ ಕ್ಯಾಪ್ ತೆಗೆಸಬೇಡಿ. ಮುಂದೆ ನೋಡುವಾಗ ಅದೇ ಜಾಸ್ತಿ ಇಷ್ಟವಾಗುತ್ತದೆ. ಹುಬ್ಬಿನ ಮೇಲಕ್ಕೆ ಸ್ವಲ್ಪ ಸರಿಸಿದರೆ ಸಾಕು.

ಕಾಫಿಯ ಹಬೆ ಕಾಣಬೇಕಾದರೆ ಲೋಟದ ಹಿಂದೆ ನೆರಳಿನ ಜಾಗ ಇರಬೇಕು, ಬೆಳಕು ಲೋಟದ ಹಿಂಬದಿಯಿಂದ ನಿಮ್ಮ ಕಡೆಗೆ ಬರಬೇಕು.