ಬರ್ಲಿನ್ ಬೀದಿಯಲ್ಲಿ ಬಿದ್ದದ್ದೆಲ್ಲ ಕಸವಲ್ಲ

ದಾವಣಗೆರೆಯಿಂದ ಬರ್ಲಿನ್‌ಗೆ ಓದಲು, ಕೆಲಸಕ್ಕೆ ಬರುವವರು ವೀಸಾ, ಬಾಡಿಗೆ, ಬ್ಯಾಂಕ್ ಖಾತೆಗಳ ಬಗ್ಗೆ ಎಲ್ಲವನ್ನೂ ವಿಚಾರಿಸಿಕೊಂಡೇ ವಿಮಾನ ಹತ್ತುತ್ತಾರೆ. ಬೀದಿಯಲ್ಲಿ ಕಾಣುವ ವಿಚಿತ್ರಗಳ ಬಗ್ಗೆ ಮಾತ್ರ ಯಾರೂ ಹೇಳಿರುವುದಿಲ್ಲ.

ಮೊದಲು ಬಾಟಲಿ. ಖಾಲಿ ಬಾಟಲಿಗಳನ್ನು ಕಸದ ಡಬ್ಬಿಯೊಳಗೆ ಹಾಕದೆ ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿರುತ್ತಾರೆ. ಇದು ಅಶಿಸ್ತಲ್ಲ. ಪಾನೀಯ ಕೊಳ್ಳುವಾಗಲೇ ಬಾಟಲಿಗೆಂದು ಬೇರೆ ಠೇವಣಿ ಕಟ್ಟಿರುತ್ತೀರಿ: ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್, ಗಾಜಿನ ಬಿಯರ್ ಬಾಟಲಿಗೆ ಸಾಮಾನ್ಯವಾಗಿ 8 ಸೆಂಟ್. ಸೂಪರ್ ಮಾರ್ಕೆಟ್‌ನ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಅದನ್ನು ಗಲ್ಲಾದಲ್ಲಿ ಕೊಟ್ಟರೆ ಹಣ. ನೀರು ಕುಡಿದು ಬಾಟಲಿಯನ್ನು ಹಿಂಡಿ ಎಸೆಯುವ ನಮ್ಮ ರೈಲಿನ ಅಭ್ಯಾಸ ಇಲ್ಲಿ ನಷ್ಟದ ಬಾಬತ್ತು. ಜಜ್ಜಿದ್ದನ್ನು ಯಂತ್ರ ವಾಪಸ್ ಉಗುಳುತ್ತದೆ. ಡಬ್ಬಿಯ ಪಕ್ಕದಲ್ಲಿ ಇಟ್ಟದ್ದು, ಆಯ್ದು ಯಂತ್ರಕ್ಕೆ ಹಾಕಿ ನಾಲ್ಕು ಕಾಸು ಕಾಣುವವರು ಕಸಕ್ಕೆ ಕೈ ಹಾಕದಿರಲಿ ಎಂದು. ನೀವೂ ಹಾಗೆಯೇ ಇಡಿ.

ಮನೆಗಳ ಮುಂದೆ ತಟ್ಟೆ, ಪುಸ್ತಕ, ದೀಪ ತುಂಬಿದ ರಟ್ಟಿನ ಪೆಟ್ಟಿಗೆ ಇದ್ದು, ಬೇಕಾದವರು ಒಯ್ಯಿರಿ ಎಂಬ ಚೀಟಿ ಅಂಟಿಸಿದ್ದರೆ ಸಂಕೋಚ ಬೇಡ. ನನ್ನ ಅಡುಗೆಮನೆಯ ಅರ್ಧ ಪಾತ್ರೆ ಹಾಗೆ ಬಂದದ್ದು. ಹಾಸಿಗೆ, ಸೋಫಾ ಮುಟ್ಟಬೇಡಿ. ತಿಗಣೆಗೂ ಬರ್ಲಿನ್ ಇಷ್ಟ.

ತಲೆಯ ಮೇಲೆ ರಸ್ತೆ ದಾಟಿ, ಮೂಲೆಯಲ್ಲಿ ತಿರುಗಿ ಹೋಗುವ ದಪ್ಪ ಗುಲಾಬಿ ಕೊಳವೆಗಳನ್ನು ಕಂಡು ಗ್ಯಾಸ್ ಎಂದು ಹೆದರುವವರಿದ್ದಾರೆ. ಅವುಗಳಲ್ಲಿ ಹರಿಯುವುದು ಅಂತರ್ಜಲ. ನಗರದ ಬಹುಭಾಗದಲ್ಲಿ ನೆಲದಡಿ ಕೆಲವೇ ಮೀಟರ್‌ಗೆ ನೀರು ಸಿಗುವುದರಿಂದ, ಕಟ್ಟಡಕ್ಕೆ ಪಾಯ ತೋಡಿದರೆ ಗುಂಡಿ ತುಂಬಿಕೊಳ್ಳುತ್ತದೆ. ಅದನ್ನು ಪಂಪ್ ಮಾಡಿ ಕಾಲುವೆಗೋ ಸ್ಪ್ರೇ ನದಿಗೋ ಬಿಡುತ್ತಾರೆ. ಚಿತ್ರದುರ್ಗದ ಕಡೆ ನೂರಾರು ಅಡಿ ಕೊರೆದರೂ ಬರೀ ಧೂಳು ಎದ್ದ ಬೋರ್‌ವೆಲ್ ನೋಡಿದವರಿಗೆ ಇದು ಹೊಟ್ಟೆ ಉರಿಸುವ ದೃಶ್ಯ. ಬಂದ ನಮ್ಮೂರಿನ ಹಿರಿಯರೆಲ್ಲ ಇದರ ಕೆಳಗೆ ನಿಂತು ಒಮ್ಮೆ ನಿಟ್ಟುಸಿರು ಬಿಟ್ಟೇ ಮುಂದೆ ಹೋಗುತ್ತಾರೆ.

ಪಾದಚಾರಿ ಸಿಗ್ನಲ್‌ನ ಹಸಿರು ದೀಪದಲ್ಲಿ ಟೋಪಿ ಹಾಕಿ ನಡೆಯುವ ಪುಟ್ಟ ಮನುಷ್ಯ ಪೂರ್ವ ಬರ್ಲಿನ್‌ನವನು. 1961ರಲ್ಲಿ ಸಂಚಾರ ಮನಶ್ಶಾಸ್ತ್ರಜ್ಞ ಕಾರ್ಲ್ ಪೆಗ್ಲಾವ್ ರೂಪಿಸಿದ್ದು. ಕೆಂಪು ಇದ್ದಾಗ, ರಸ್ತೆ ಖಾಲಿ ಇದ್ದರೂ, ಮಕ್ಕಳ ಎದುರು ದಾಟಬೇಡಿ. ದಾವಣಗೆರೆಯ ಜಯದೇವ ವೃತ್ತದ ಚಾಕಚಕ್ಯತೆ ಇಲ್ಲಿ ಬೈಗುಳ ತರುತ್ತದೆ. ಸೈಕಲ್ ಪಥದಲ್ಲಿ ನಿಂತರೂ ಅಷ್ಟೇ.

ಇನ್ನು ಪಾದಚಾರಿ ಮಾರ್ಗದ ಕಲ್ಲುಗಳ ನಡುವೆ ಅಂಗೈಯಗಲ ಹೊಳೆಯುವ ಹಿತ್ತಾಳೆ ಫಲಕಗಳು. ನಾಜಿಗಳಿಗೆ ಬಲಿಯಾದವರು ಕೊನೆಯದಾಗಿ ತಮ್ಮಿಷ್ಟದಂತೆ ವಾಸಿಸಿದ್ದ ಮನೆಯ ಮುಂದೆ ಇವುಗಳನ್ನು ಹೂಳುತ್ತಾರೆ. ಹೆಸರು, ಹುಟ್ಟಿದ ವರ್ಷ, ಸಾಗಿಸಿದ ದಿನ, ಕೊಂದ ಸ್ಥಳ, ಇಷ್ಟೇ ಬರಹ. ಕಲಾವಿದ ಗುಂಟರ್ ಡೆಮ್ನಿಗ್ ಬರ್ಲಿನ್‌ನಲ್ಲಿ ಇದನ್ನು ಶುರು ಮಾಡಿದ್ದು 1996ರಲ್ಲಿ. ದಾವಣಗೆರೆಯ ಪಿ.ಜೆ. ಬಡಾವಣೆಯಿಂದ ಮಗನ ಮನೆಗೆ ಬಂದಿದ್ದ ಅಜ್ಜಿಯೊಬ್ಬರು ಒಂದೇ ಬಾಗಿಲ ಮುಂದೆ ನಾಲ್ಕು ಫಲಕ ಕಂಡು ಚಪ್ಪಲಿ ಹಿಂದಕ್ಕೆಳೆದುಕೊಂಡರು: "ಹೆಸರನ್ನು ತುಳಿಯುವುದೇ?" ಮ್ಯೂನಿಕ್‌ನಲ್ಲಿಯೂ ಇದೇ ಆಕ್ಷೇಪ ಎದ್ದು, ಆ ನಗರ ತನ್ನ ಬೀದಿಗಳಲ್ಲಿ ಇವುಗಳಿಗೆ ಅನುಮತಿಯನ್ನೇ ಕೊಟ್ಟಿಲ್ಲ. ಬರ್ಲಿನ್‌ನಲ್ಲಿ, 1938ರಲ್ಲಿ ನಾಜಿಗಳು ಯಹೂದಿಯರ ಮೇಲೆ ದಾಳಿ ನಡೆಸಿದ ನವೆಂಬರ್ 9ರ ಹೊತ್ತಿಗೆ ಜನ ಮಂಡಿಯೂರಿ ಇವುಗಳನ್ನು ಉಜ್ಜಿ ಬೆಳಗುತ್ತಾರೆ. ಸೇರಿಕೊಳ್ಳಬೇಕೆನಿಸಿದರೆ ಯಾರೂ ಬೇಡವೆನ್ನುವುದಿಲ್ಲ.

ಭಾನುವಾರ ಬೀದಿ ಖಾಲಿ ಹೊಡೆಯುವುದನ್ನು ಕಂಡು ಬಂದ್ ಎಂದುಕೊಳ್ಳಬೇಡಿ. ದೊಡ್ಡ ನಿಲ್ದಾಣಗಳ ಅಂಗಡಿ ಬಿಟ್ಟರೆ ಬಹುತೇಕ ಅಂಗಡಿಗಳು ಪ್ರತಿ ಭಾನುವಾರ ಮುಚ್ಚಿರುತ್ತವೆ. ಮಿರ್ಚಿಗೆ ಕಡಲೆಹಿಟ್ಟು ಶನಿವಾರವೇ ತಂದಿಟ್ಟುಕೊಳ್ಳಿ.