ಜಪಾನಿನಲ್ಲಿ ಭೂಮಿ ನಡುಗಿದಾಗ ವಿಕಿರಣದ ಸುದ್ದಿಯನ್ನು ಓದುವುದು ಹೇಗೆ

ಜಪಾನಿನಲ್ಲಿ ಎಲ್ಲೇ ಭೂಮಿ ನಡುಗಲಿ, ನನ್ನ ಫೋನಿಗೆ ಬರುವ ಮೊದಲ ಪ್ರಶ್ನೆ ಒಂದೇ: "ಅಣು ಸ್ಥಾವರಕ್ಕೆ ಏನಾದರೂ ಆಯ್ತಾ?" 2024ರ ಜನವರಿ 1ರಂದು ನೋಟೋದಲ್ಲಿ ಭೂಕಂಪ ಆದಾಗಲೂ ಅಷ್ಟೇ. ನಾನಿರುವುದು ಟೋಕಿಯೋದಲ್ಲಿ, ನೋಟೋ ಇರುವುದು ಆಚೆ ಕಡೆಯ ಕರಾವಳಿಯಲ್ಲಿ. ಆದರೂ ಅತ್ತೆಯಿಂದ ಹಿಡಿದು ಹಳೇ ಆಫೀಸಿನವರ ತನಕ ಎಲ್ಲರದ್ದೂ ಇದೇ ಮಾತು. ಕೇಳುವುದರಲ್ಲಿ ತಪ್ಪೇನಿಲ್ಲ ಬಿಡಿ. 2011ರ ಮಾರ್ಚ್‌ನಲ್ಲಿ ಕೈಗೂಸನ್ನು ಎತ್ತಿಕೊಂಡು ಇದೇ ಊರಿನಲ್ಲಿದ್ದವಳು ನಾನು. ಚೆನ್ನಾಗಿಯೇ ಹೆದರಿದ್ದೆ. ಹೆದರಿಕೆ ಇದ್ದರೂ ಸುದ್ದಿಯನ್ನು ನೆಟ್ಟಗೆ ಓದುವುದು ಹೇಗೆ ಅಂತ ಆಗ ಒಂದಿಷ್ಟು ಕಲಿತೆ. ಮುಂದಿನ ಸಲ ಯಾರಾದರೂ ಕೇಳಿದರೆ ಇದನ್ನೇ ಕಳಿಸಿಬಿಡುತ್ತೇನೆ.

ಮೊದಲು ಹುಡುಕಬೇಕಾದ್ದು ಕರೆಂಟ್

ಸುದ್ದಿಯಲ್ಲಿ "ವಿಕಿರಣ" ಅನ್ನುವ ಪದ ಹುಡುಕಬೇಡಿ. ಮೊದಲು ಕರೆಂಟ್ ಇದೆಯಾ ನೋಡಿ. 2011ರಲ್ಲಿ ಫುಕುಶಿಮಾ ದಾಯಿಚಿ ಅಣು ಸ್ಥಾವರದಲ್ಲಿ ಎಲ್ಲ ಕೆಟ್ಟದ್ದು ಶುರುವಾದದ್ದು ಅಲ್ಲಿಂದಲೇ. ಮಾರ್ಚ್ 11ರ ಮಧ್ಯಾಹ್ನ 2:46ಕ್ಕೆ 9.0 ತೀವ್ರತೆಯ ಭೂಕಂಪ ಆಯಿತು. ನಡೆಯುತ್ತಿದ್ದ ಮೂರು ರಿಯಾಕ್ಟರುಗಳು ತಾವಾಗಿಯೇ ನಿಂತವು. ಆದರೆ ನಿಂತ ಮೇಲೂ ಒಳಗಿನ ಇಂಧನ ಬಿಸಿಯಾಗುತ್ತಲೇ ಇರುತ್ತದೆ. ಅದಕ್ಕೆ ಬಿಡದೆ ನೀರು ಹಾಯಿಸಬೇಕು, ನೀರಿಗೆ ಪಂಪು ಬೇಕು, ಪಂಪಿಗೆ ಕರೆಂಟ್ ಬೇಕು. ಹೊರಗಿನ ಲೈನ್ ಭೂಕಂಪಕ್ಕೇ ಹೋಯಿತು. ಡೀಸೆಲ್ ಜನರೇಟರುಗಳು ಶುರುವಾದವು. ಒಂದು ಗಂಟೆಯೊಳಗೆ ಸುನಾಮಿ ನುಗ್ಗಿ ಅವನ್ನೂ ನಿಲ್ಲಿಸಿತು. 12ರಂದು ಒಂದನೇ ಘಟಕದ ಕಟ್ಟಡ, 14ರಂದು ಮೂರನೆಯದು ಸಿಡಿದದ್ದು ಅದರ ಮುಂದುವರಿಕೆ. ಸಿಡಿದದ್ದು ಹೈಡ್ರೋಜನ್ ಅನಿಲ. ಅಣುಬಾಂಬಿಗೂ ಅದಕ್ಕೂ ಸಂಬಂಧ ಇಲ್ಲ.

ಹಾಗಾಗಿ ಹೊಸ ಸುದ್ದಿ ಬಂದಾಗ ಇಷ್ಟು ನೋಡಿ. ಸ್ಥಾವರ ನಡೆಯುತ್ತಿತ್ತೋ, ಮೊದಲೇ ನಿಂತಿತ್ತೋ? ಹೊರಗಿನಿಂದ ಕರೆಂಟ್ ಬರುತ್ತಿದೆಯೋ? ಬಳಸಿದ ಇಂಧನದ ಕೊಳದಲ್ಲಿ ನೀರು ತಣ್ಣಗಾಗುತ್ತಿದೆಯೋ? ನೋಟೋ ಹತ್ತಿರದ ಶಿಕಾ ಸ್ಥಾವರ 2011ರಿಂದಲೂ ನಿಂತೇ ಇತ್ತು. ಅಲ್ಲಿ ಟ್ರಾನ್ಸ್‌ಫಾರ್ಮರ್ ಎಣ್ಣೆ ಸೋರಿತು, ಆದರೆ ಕರೆಂಟ್ ಬರುತ್ತಿತ್ತು. ಆ "ಎಣ್ಣೆ ಸೋರಿಕೆ" ಕೈಯಿಂದ ಕೈಗೆ ದಾಟಿ ನಮ್ಮ ಚಿಕ್ಕಪ್ಪನ ಫೋನಿಗೆ ಬರುವಷ್ಟರಲ್ಲಿ ಬರೀ "ಸೋರಿಕೆ" ಆಗಿತ್ತು. ಏನು ಸೋರಿತು ಅಂತ ಒಂದು ಮಾತು ಕೇಳಿದ್ದರೆ ಅವರು ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಕಿರಲಿಲ್ಲ.

ಅಂಕಿಯ ಬಾಲ ನೋಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಜಾಸ್ತಿ ಗೊಂದಲ ಆಗುವುದು ಇಲ್ಲೇ.

ಮಾರ್ಚ್ 15ರಂದು ಸರ್ಕಾರದ ವಕ್ತಾರ ಯುಕಿಯೋ ಎದಾನೋ ಟೀವಿಯಲ್ಲಿ ಬಂದರು, ಅದೇ ನೀಲಿ ಕೆಲಸದ ಅಂಗಿಯಲ್ಲಿ. ಮೂರನೇ ಘಟಕದ ಪಕ್ಕದಲ್ಲಿ ಗಂಟೆಗೆ 400 ಮಿಲಿಸೀವರ್ಟ್ ಅಂದರು (ಸೀವರ್ಟ್ ಅಂದರೆ ಮೈಗೆ ತಟ್ಟುವ ವಿಕಿರಣದ ಅಳತೆ). ಅಲ್ಲಿಯವರೆಗೆ ನಾವು ಕೇಳುತ್ತಿದ್ದದ್ದು ಮೈಕ್ರೋ. ಇದು ಮಿಲಿ, ಬೇರೆ ಅಳತೆ ಅಂತ ಅವರೇ ಹೇಳಿದರು. ಎಷ್ಟೋ ಜನಕ್ಕೆ ಅದು ಕಿವಿಗೇ ಬೀಳಲಿಲ್ಲ. ಒಂದು ಮಿಲಿ ಅಂದರೆ ಸಾವಿರ ಮೈಕ್ರೋ. ಅಂದರೆ ಅದು ಗಂಟೆಗೆ 4 ಲಕ್ಷ ಮೈಕ್ರೋಸೀವರ್ಟ್! ಅಲ್ಲಿ ಕೆಲಸ ಮಾಡುವವರಿಗೆ ಅದು ನಿಜವಾಗಿಯೂ ಅಪಾಯದ ಜಾಗ. ಅದೇ ದಿನ ಟೋಕಿಯೋದ ಶಿಂಜುಕುನಲ್ಲಿ ಅಳೆದ ಅತಿ ಹೆಚ್ಚಿನ ಅಂಕಿ ಗಂಟೆಗೆ 0.809 ಮೈಕ್ರೋಸೀವರ್ಟ್. ಎರಡೂ ಅಂಕಿ ಟೀವಿಯಲ್ಲಿ ಹಿಂದೆಮುಂದೆ ಬರುತ್ತಿದ್ದವು. ನಾನು ಅಡುಗೆಮನೆ ಕ್ಯಾಲೆಂಡರಿನ ಹಿಂದೆ ಎಲ್ಲವನ್ನೂ ಮೈಕ್ರೋಗೆ ಬದಲಾಯಿಸಿ ಬರೆಯಲು ಶುರು ಮಾಡಿದೆ. ಒಂದೇ ಅಳತೆಯಲ್ಲಿ ಸಾಲಾಗಿ ಬರೆದ ಮೇಲೆ ಸ್ಥಾವರ ಎಲ್ಲಿ, ನಾವೆಲ್ಲಿ ಅಂತ ಕಣ್ಣಿಗೇ ಕಂಡಿತು. ನೀವೂ ಹಾಗೇ ಮಾಡಿ.

"ಗಂಟೆಗೆ" ಅನ್ನುವುದನ್ನು ಬಿಡಬೇಡಿ. 0.809 ಇಡೀ ದಿನ ಇದ್ದರೆ 24ರಿಂದ ಗುಣಿಸಿ, ಸುಮಾರು 19 ಮೈಕ್ರೋಸೀವರ್ಟ್. ಎದೆಯ ಒಂದು ಎಕ್ಸ್‌ರೇಗಿಂತ ಕಡಿಮೆ. ಆದರೆ ಈ ಎಕ್ಸ್‌ರೇ ಹೋಲಿಕೆಯನ್ನು ಹೆದರಿದವರ ಮುಖಕ್ಕೆ ಹಿಡಿಯಬೇಡಿ. ಆಗ ಟೀವಿ ಪರಿಣತರು ದಿನವಿಡೀ ಅದನ್ನೇ ಹೇಳುತ್ತಿದ್ದರು, ಜನಕ್ಕೆ ರೇಗಿತು. ಎಕ್ಸ್‌ರೇ ನಾವು ಒಪ್ಪಿ ತೆಗೆಸಿಕೊಳ್ಳುವುದು, ಒಂದು ಕ್ಷಣದ್ದು. ಉಸಿರಿನಲ್ಲಿ, ಹಾಲಿನಲ್ಲಿ ಒಳಗೆ ಹೋಗುವುದರ ಲೆಕ್ಕ ಬೇರೆ. ರೇಗಿದ್ದು ನ್ಯಾಯವೇ ಅಂತ ನನಗೆ ಈಗಲೂ ಅನಿಸುತ್ತದೆ.

ಇನ್ನು ಬೆಕ್ವೆರೆಲ್. ಒಲೆಯಲ್ಲಿ ಸಿಡಿಯುವ ಕಿಡಿಗಳನ್ನು ಎಣಿಸಿದರೆ ಅದು ಬೆಕ್ವೆರೆಲ್, ನಮ್ಮ ಮೈಗೆ ಎಷ್ಟು ಕಾವು ತಟ್ಟಿತು ಅನ್ನುವುದು ಸೀವರ್ಟ್. ನೀರು, ಹಾಲು, ಸೊಪ್ಪಿಗೆ ಬೆಕ್ವೆರೆಲ್. ನಾವು ನಿಂತ ಜಾಗದಲ್ಲಿ ದೇಹಕ್ಕೆ ತಟ್ಟುವುದಕ್ಕೆ ಸೀವರ್ಟ್. ಎರಡನ್ನೂ ಪಕ್ಕಪಕ್ಕ ಇಟ್ಟು ಯಾವುದು ದೊಡ್ಡದು ಅಂತ ಕೇಳುವ ಶೀರ್ಷಿಕೆ ಕಂಡರೆ ಮುಂದೆ ಓದಬೇಡಿ.

"ಇಷ್ಟು ಪಟ್ಟು" ಅನ್ನುವ ಸುದ್ದಿಯ ಮೇಲೂ ಒಂದು ಕಣ್ಣಿರಲಿ. ಮಾರ್ಚ್ 27ರಂದು ಎರಡನೇ ಘಟಕದ ನೀರಿನಲ್ಲಿ ಮಾಮೂಲಿಗಿಂತ 1 ಕೋಟಿ ಪಟ್ಟು ವಿಕಿರಣ ಅಂತ ಸ್ಥಾವರ ನಡೆಸುವ ಕಂಪನಿಯೇ ಹೇಳಿತು. ಅದೇ ದಿನ ರಾತ್ರಿಯೊಳಗೆ ತಪ್ಪಾಯಿತು, 1 ಲಕ್ಷ ಪಟ್ಟು ಅಂತ ತಿದ್ದಿತು. 1 ಲಕ್ಷವೂ ಭಯಂಕರವೇ. ಆದರೆ ಬೆಳಗಿನ ಅಂಕಿ ಅಷ್ಟರಲ್ಲಿ ಪ್ರಪಂಚ ಸುತ್ತಿಯಾಗಿತ್ತು. ಇಂಥ ಅಂಕಿ ಕಂಡರೆ ಒಂದು ದಿನ ಬಿಟ್ಟು ಮತ್ತೆ ನೋಡಿ. ಆ ಒಂದು ದಿನದಲ್ಲಿ ನೀವು ಹೇಗೂ ಏನೂ ಮಾಡುವುದಿರಲ್ಲ, ಅಲ್ವಾ?

ವೃತ್ತಕ್ಕಿಂತ ಗಾಳಿ ಮುಖ್ಯ

ಸರ್ಕಾರ ಜಾಗ ಖಾಲಿ ಮಾಡಿಸಿದ್ದು ಸ್ಥಾವರದ ಸುತ್ತ ವೃತ್ತ ಎಳೆದು. 11ರ ರಾತ್ರಿ 3 ಕಿಲೋಮೀಟರ್, 12ರ ಬೆಳಿಗ್ಗೆ 10, ಅದೇ ಸಂಜೆ 20. ಅಮೆರಿಕ ತನ್ನವರಿಗೆ 80 ಕಿಲೋಮೀಟರ್ ದೂರ ಹೋಗಿ ಅಂದಿತು. ಆದರೆ ವಿಕಿರಣ ವೃತ್ತ ನೋಡಿಕೊಂಡು ಹರಡಲಿಲ್ಲ. 15ರಂದು ಗಾಳಿ ವಾಯವ್ಯಕ್ಕೆ ತಿರುಗಿತು, ಮಳೆ, ಹಿಮ ಬಿತ್ತು. ಬಹುಪಾಲು 30 ಕಿಲೋಮೀಟರಿಗಿಂತ ಆಚೆ ಇದ್ದ ಇಯಿತಾತೆ ಹಳ್ಳಿಯ ನೆಲಕ್ಕೆ ಅದು ಇಳಿಯಿತು. ಆ ಹಳ್ಳಿಯನ್ನು ಖಾಲಿ ಮಾಡಿ ಅಂತ ಹೇಳಿದ್ದು ಏಪ್ರಿಲ್ 22ರಂದು. ನಾಮಿಯೆ ಊರಿನವರು ಓಡಿಹೋಗಿ ತ್ಸುಶಿಮಾದಲ್ಲಿ ನಿಂತರು, ವಿಕಿರಣ ಹೋದದ್ದೂ ಆ ಕಡೆಗೇ. ಗಾಳಿಯ ದಿಕ್ಕು ಲೆಕ್ಕ ಹಾಕುವ ಸ್ಪೀಡಿ ಎಂಬ ವ್ಯವಸ್ಥೆ ಸರ್ಕಾರದ ಬಳಿ ಇತ್ತು. ಅದರ ಫಲಿತಾಂಶ ಜನರ ಕಣ್ಣಿಗೆ ಬಿದ್ದದ್ದು ಮಾರ್ಚ್ 23ಕ್ಕೆ. ಜನರ ನಂಬಿಕೆ ಹೋದದ್ದು ವಿಕಿರಣಕ್ಕಿಂತ ಹೆಚ್ಚಾಗಿ ಇಂಥದ್ದರಿಂದ.

ನಕ್ಷೆಯ ಜೊತೆಗೆ ಹವಾಮಾನ ಇಲಾಖೆಯ ಗಾಳಿ, ಮಳೆ ಮುನ್ಸೂಚನೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಮಳೆ ಬರುವಂತಿದ್ದರೆ ಒಳಗಿರಿ, ಕಿಟಕಿ ಮುಚ್ಚಿ. ಹೊರಗಿನಿಂದ ಬಂದವರು ಬಟ್ಟೆ ಬದಲಿಸಿ ಸ್ನಾನ ಮಾಡಲಿ.

ಓಡುವುದೇ ಯಾವಾಗಲೂ ಸುರಕ್ಷಿತ ಅಂದುಕೊಳ್ಳಬೇಡಿ. ಫುತಾಬಾ ಆಸ್ಪತ್ರೆಯ ಹಾಸಿಗೆ ಹಿಡಿದ ರೋಗಿಗಳನ್ನು ಬಸ್ಸಿನಲ್ಲಿ ಗಂಟೆಗಟ್ಟಲೆ ಸಾಗಿಸಿದಾಗ ಹಲವರು ತೀರಿಕೊಂಡರು. ಫುಕುಶಿಮಾ ಪ್ರಾಂತ್ಯದಲ್ಲಿ ಊರು ಬಿಟ್ಟ ದಣಿವು, ಚಿಕಿತ್ಸೆಯ ಕೊರತೆಯಂಥ ಕಾರಣಗಳಿಂದ ಸತ್ತವರು 2,300ಕ್ಕೂ ಹೆಚ್ಚು. ಅಲ್ಲಿ ಭೂಕಂಪ, ಸುನಾಮಿಗೆ ನೇರವಾಗಿ ಬಲಿಯಾದವರಿಗಿಂತ ಇದು ಜಾಸ್ತಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಔಷಧ, ಅವರನ್ನು ಕರೆದೊಯ್ಯುವ ಗಾಡಿ, ಹೋಗಿ ಸೇರುವ ಜಾಗ ಮೊದಲು ಗೊತ್ತು ಮಾಡಿಕೊಳ್ಳಿ.

ಕೂಸಿರುವ ಮನೆಗೆ

ನಾವಿದ್ದದ್ದು ಕಾತ್ಸುಶಿಕಾ ವಾರ್ಡ್‌ನಲ್ಲಿ. ಕನಾಮಚಿ ನೀರಿನ ಘಟಕ ಇರುವುದೂ ಅಲ್ಲೇ. ಮಾರ್ಚ್ 21ರ ಮಳೆಯ ಬೆನ್ನಿಗೆ ಅಲ್ಲಿನ ನೀರಿನಲ್ಲಿ ಕಿಲೋಗೆ 210 ಬೆಕ್ವೆರೆಲ್‌ನಷ್ಟು, ವಿಕಿರಣ ಸೂಸುವ ಅಯೋಡಿನ್-131 ಸಿಕ್ಕಿತು. 23ರಂದು ಪ್ರಕಟಣೆ ಬಂತು. ಆಗ ದೊಡ್ಡವರ ಮಿತಿ 300, ಕೂಸುಗಳ ಮಿತಿ 100. ಅದೇ ಕೊಳಾಯಿ, ಅದೇ ನೀರು. ನಾನು ಕುಡಿಯಬಹುದು, ಮಗಳಿಗೆ ಕೊಡುವ ಹಾಗಿಲ್ಲ. ಹಾಗಾಗಿ ಯಾವ ಮಿತಿ ಕೇಳಿದರೂ "ಯಾರಿಗೆ?" ಅಂತ ಕೇಳಿ.

ಸಂಜೆಯೊಳಗೆ ಅಂಗಡಿಗಳಲ್ಲಿ ನೀರಿನ ಬಾಟಲಿ ಮಾಯ. ಉಳಿದದ್ದು ಹೊರದೇಶದ ಗಡಸು ನೀರು ಮಾತ್ರ. ಖನಿಜ ಜಾಸ್ತಿ ಇರುವ ಆ ನೀರಿನಲ್ಲಿ ಕೂಸಿನ ಹಾಲಿನ ಪುಡಿ ಕದಡಬಾರದು, ಇದು ನೆನಪಿರಲಿ. ಕುದಿಸಿದರೂ ಅಯೋಡಿನ್ ಹೋಗುವುದಿಲ್ಲ. ಮಾರನೇ ದಿನ ಟೋಕಿಯೋ ಆಡಳಿತ ಒಂದು ವರ್ಷದೊಳಗಿನ ಕೂಸಿಗೆ 550 ಮಿಲಿಲೀಟರಿನ ಮೂರು ಬಾಟಲಿಯಂತೆ ಹಂಚಿತು. ಸಾಲಿನಲ್ಲಿ ನನ್ನ ಮುಂದಿದ್ದ ಹೆಂಗಸು ಮೂರನ್ನೂ ಕೂಸಿನ ಹೊದಿಕೆಯಲ್ಲಿ ಸುತ್ತಿಕೊಂಡಳು, ಯಾರಾದರೂ ಕಿತ್ತುಕೊಂಡಾರು ಅನ್ನುವ ಹಾಗೆ. ಅಷ್ಟರಲ್ಲಿ ಅಳತೆ 79ಕ್ಕೆ ಇಳಿದು ನಿರ್ಬಂಧವೂ ಹೋಯಿತು. ಅಯೋಡಿನ್-131 ಎಂಟು ದಿನಕ್ಕೊಮ್ಮೆ ಅರ್ಧವಾಗುತ್ತದೆ. ಸೀಸಿಯಂ-137 ಅರ್ಧವಾಗಲು 30 ವರ್ಷ ಬೇಕು. ಮೊದಲ ವಾರಗಳ ಚಿಂತೆ ನೀರು, ಹಾಲು, ಸೊಪ್ಪು. ಆಮೇಲಿನ ವರ್ಷಗಳ ಚಿಂತೆ ಮಣ್ಣು. ಕೂಸಿರುವ ಮನೆಯಲ್ಲಿ ಒಂದು ವಾರದ ಮೃದು ನೀರು ಯಾವಾಗಲೂ ಇರಲಿ. ಭೂಕಂಪದ ದೇಶದಲ್ಲಿ ಅದು ಹೇಗೂ ಬೇಕು.

ಅಯೋಡಿನ್ ಮಾತ್ರೆ ಥೈರಾಯ್ಡ್ ಗ್ರಂಥಿಯನ್ನು ಮಾತ್ರ ಕಾಪಾಡುತ್ತದೆ, ಅದೂ ಸರಿಯಾದ ಹೊತ್ತಿಗೆ ತಗೊಂಡರೆ. ಫುಕುಶಿಮಾದ ಮಿಹಾರು ಪಟ್ಟಣ ಮೇಲಿನವರ ಆದೇಶಕ್ಕೆ ಕಾಯದೆ ಮಾರ್ಚ್ 15ರಂದು ತನ್ನ ಜನಕ್ಕೆ ಅದನ್ನು ಹಂಚಿತು. ಅದು ಗಾಳಿ, ಮಳೆ ನೋಡಿ ಮಾಡಿದ ಕೆಲಸ. ಸುಮ್ನೆ ಹೆದರಿ ನುಂಗುವುದು ಬೇರೆ.

ಫಾರ್ವರ್ಡ್ ಬಂದರೆ

ಆಗ ಬಂದವುಗಳಲ್ಲಿ ಕೆಲವು ಹೇಳುತ್ತೇನೆ, ಯಾಕಂದರೆ ಮುಂದಿನ ಸಲವೂ ಇವೇ ಬರುತ್ತವೆ. ಚಿಬಾದ ತೈಲ ಶುದ್ಧೀಕರಣ ಘಟಕದ ಬೆಂಕಿಯಿಂದ ಮಳೆಯಲ್ಲಿ ವಿಷ ಬೀಳುತ್ತದೆ, ಛತ್ರಿ ಹಿಡಿಯಿರಿ: ಸುಳ್ಳು. ಬಾಯಿ ಮುಕ್ಕಳಿಸುವ ಅಯೋಡಿನ್ ಔಷಧ ಕುಡಿಯಿರಿ: ಸುಳ್ಳು, ಅಪಾಯ ಕೂಡ. ಪೆಸಿಫಿಕ್ ಸಾಗರಕ್ಕೆ ಕೆಂಪು, ಹಳದಿ ಬಳಿದ ನಕ್ಷೆ ಒಂದಿತ್ತು, ವಿಕಿರಣದ್ದು ಅಂತ. ಅದು ಸುನಾಮಿ ಅಲೆಯ ಎತ್ತರದ ನಕ್ಷೆ. ಕುತ್ತಿಗೆಗೆ ಬೆಟಾಡಿನ್ ಹಚ್ಚಿ ಅನ್ನುವ ಸಂದೇಶ ಬಿಬಿಸಿ ಹೆಸರಿನಲ್ಲಿ ಫಿಲಿಪ್ಪೀನ್ಸ್ ಪೂರ್ತಿ ಓಡಾಡಿತು.

ಚೀನಾದಲ್ಲಿ ಜನ ಅಯೋಡಿನ್ ಉಪ್ಪಿಗೆ ಮುಗಿಬಿದ್ದರು. ಒಂದು ಮಾತ್ರೆಯಷ್ಟು ಅಯೋಡಿನ್ ಸಿಗಬೇಕಾದರೆ ಕಿಲೋಗಟ್ಟಲೆ ಉಪ್ಪು ತಿನ್ನಬೇಕು. 2023ರ ಆಗಸ್ಟ್ 24ರಂದು ಜಪಾನ್ ಸಂಸ್ಕರಿಸಿದ ನೀರನ್ನು ಸಮುದ್ರಕ್ಕೆ ಬಿಡಲು ಶುರು ಮಾಡಿದಾಗ ಮತ್ತೆ ಅದೇ ಉಪ್ಪು ಖಾಲಿ! ಹನ್ನೆರಡು ವರ್ಷದಲ್ಲಿ ಉಪ್ಪಿನ ಮೇಲಿನ ನಂಬಿಕೆ ಮಾತ್ರ ಕರಗಿರಲಿಲ್ಲ.

ಇಂಥದ್ದು ಬಂದರೆ ಕಳಿಸಿದವರನ್ನು ನೋಡಿ ನಗಬೇಡಿ. ಯಾವ ಊರು, ಯಾವ ದಿನ, ಎಷ್ಟು ಗಂಟೆಗೆ ಅಳೆದದ್ದು, ಯಾವ ಅಳತೆ ಅಂತ ನಯವಾಗಿ ಕೇಳಿ. ನಾಲ್ಕಕ್ಕೂ ಉತ್ತರ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ.

ಸರ್ಕಾರದ ಮಾತಿಗೂ ಇದೇ ಪರೀಕ್ಷೆ. "ತಕ್ಷಣಕ್ಕೆ ಆರೋಗ್ಯಕ್ಕೆ ತೊಂದರೆ ಇಲ್ಲ" ಅಂತ ದಿನಾ ಕೇಳಿದೆವು. ಮುಂದೆ ಹೇಗೆ ಅಂತ ಯಾರೂ ಹೇಳಲಿಲ್ಲ. ಒಂದನೇ ಘಟಕದ ಇಂಧನ ಕರಗಿದೆ ಅಂತ ಕಂಪನಿ ಒಪ್ಪಿದ್ದು ಮೇ ತಿಂಗಳಲ್ಲಿ. ಫುಕುಶಿಮಾದ ಶಾಲೆ ಅಂಗಳಕ್ಕೆ ವರ್ಷಕ್ಕೆ 20 ಮಿಲಿಸೀವರ್ಟ್ ಅಂತ ಮಿತಿ ಇಟ್ಟಾಗ ತಂದೆತಾಯಂದಿರು ಟೋಕಿಯೋದ ಶಿಕ್ಷಣ ಸಚಿವಾಲಯದ ಮುಂದೆ ಬಂದು ಕೂತರು. ಕೊನೆಗೆ 1 ಮಿಲಿಸೀವರ್ಟಿಗೆ ಇಳಿಸಲು ಯತ್ನಿಸುತ್ತೇವೆ ಅಂತ ಸಚಿವಾಲಯ ಹೇಳಬೇಕಾಯಿತು. ಹೆದರಿದವರು ಸರಿಯಾದ ಪ್ರಶ್ನೆ ಕೇಳಿದರೆ ಹೀಗೂ ಆಗುತ್ತದೆ.

ನೀವೇ ಅಳೆಯುವುದಾದರೆ

ಅಳೆಯಿರಿ, ಒಳ್ಳೆಯದೇ. ಸೇಫ್‌ಕಾಸ್ಟ್ ಅನ್ನುವ ಸ್ವಯಂಸೇವಕರ ಗುಂಪು ಕಾರಿಗೆ ಮೀಟರ್ ಕಟ್ಟಿಕೊಂಡು ಬೀದಿ ಬೀದಿ ಅಳೆದು ಎಲ್ಲರಿಗೂ ಸಿಗುವಂತೆ ಹಾಕಿತು. ಮೀಟರನ್ನು ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಹಿಡಿಯಿರಿ, ಅಂಕಿ ನಿಲ್ಲುವ ತನಕ ಕಾಯಿರಿ. ಮೋರಿ, ಸೂರಿನ ನೀರು ಬೀಳುವ ಜಾಗ ಬೇರೆಯಾಗಿ ಅಳೆಯಿರಿ, ಅಲ್ಲಿ ಜಾಸ್ತಿ ಇರುತ್ತದೆ. ಜಾಸ್ತಿ ಬಂದ ತಕ್ಷಣ ಕಾರಣ ಗೊತ್ತಾಯಿತು ಅಂದುಕೊಳ್ಳಬೇಡಿ. 2011ರ ಅಕ್ಟೋಬರ್‌ನಲ್ಲಿ ಟೋಕಿಯೋದ ಸೆತಗಾಯಾದಲ್ಲಿ ಹೀಗೇ ದೊಡ್ಡ ಅಂಕಿ ಬಂತು. ಅಗೆದು ನೋಡಿದರೆ ಹಳೇ ಮನೆಯ ನೆಲದ ಕೆಳಗೆ ರೇಡಿಯಂ ಬಾಟಲಿಗಳು! ಫುಕುಶಿಮಾಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅದೇ ತಿಂಗಳು ಚಿಬಾದ ಕಾಶಿವಾದಲ್ಲಿ ಸಿಕ್ಕಿದ್ದು ಮಾತ್ರ ಫುಕುಶಿಮಾದ್ದೇ, ಮುರಿದ ಮೋರಿಯಿಂದ ಮಳೆನೀರು ಒಂದೇ ಕಡೆ ಇಂಗಿತ್ತು.

ಅಲ್ಲಿಂದ ಬಂದವರ ಜೊತೆ

ವಿಕಿರಣ ಜ್ವರದ ಹಾಗೆ ಅಂಟುವುದಿಲ್ಲ. ಇದನ್ನು ಮಕ್ಕಳಿಗೆ ಮೊದಲು ಹೇಳಿ. ಫುಕುಶಿಮಾದಿಂದ ಯೋಕೊಹಾಮಾಗೆ ಬಂದ ಹುಡುಗನನ್ನು ಶಾಲೆಯಲ್ಲಿ "ರೋಗಾಣು" ಅಂತ ಕರೆದು ಕಾಡಿದ್ದು 2016ರಲ್ಲಿ ಹೊರಬಿತ್ತು. ನಿಮ್ಮ ಮಗುವಿನ ತರಗತಿಗೆ ಅಲ್ಲಿಂದ ಯಾರಾದರೂ ಬಂದರೆ ಊಟಕ್ಕೆ ಕರೆಯಿರಿ. ಅಲ್ಲಿ ಹೇಗಿದೆ ಅಂತ ಅವರಾಗಿಯೇ ಹೇಳುವ ತನಕ ಕೇಳಬೇಡಿ. ಪೀಚ್ ಹಣ್ಣು ಕಳಿಸಿಕೊಟ್ಟರೆ, ತಿನ್ನುವ ಮನಸ್ಸಿಲ್ಲದಿದ್ದರೂ, ಅವರೆದುರು ಅಳತೆಯ ಚೀಟಿ ಹುಡುಕಬೇಡಿ. ಆಮೇಲೆ ಪ್ರಾಂತ್ಯದ ಪರೀಕ್ಷೆಯ ಪಟ್ಟಿ ನೋಡಿಕೊಳ್ಳಿ. 2012ರ ಏಪ್ರಿಲ್‌ನಿಂದ ಸಾಮಾನ್ಯ ಆಹಾರದಲ್ಲಿ ಸೀಸಿಯಂ ಮಿತಿ ಕಿಲೋಗೆ 100 ಬೆಕ್ವೆರೆಲ್. ನಾವಂತೂ ತಿನ್ನುತ್ತೇವೆ.