ಹಿಂಡಿಯ ಉಪ್ಪನ್ನು ಲೆಕ್ಕಕ್ಕೆ ಹಿಡಿದ ಮೇಲೆ

ಎರಡು ವರ್ಷಗಳ ಹಿಂದೆ ನನ್ನ ರಕ್ತದೊತ್ತಡ 156/98ರ ಆಸುಪಾಸಿನಲ್ಲಿತ್ತು. ಕಳೆದ ಆರು ತಿಂಗಳಿಂದ ಅದು 126/80 ದಾಟಿದ್ದು ಅಪರೂಪ, ಗುಳಿಗೆಯ ಪ್ರಮಾಣವನ್ನು ವೈದ್ಯರೇ ಅರ್ಧಕ್ಕೆ ಇಳಿಸಿದ್ದಾರೆ. ‘ರೊಟ್ಟಿ, ಹಿಂಡಿ (ಚಟ್ನಿಪುಡಿ) ತಿಂದು ಗೋಳಗುಮ್ಮಟದ ತೋಟದಲ್ಲಿ ಅಡ್ಡಾಡಿದರೆ ಎದೆ ಗಟ್ಟಿಯಾಗುತ್ತದೆಯೇ?’ ಎಂದು ಕೇಳುತ್ತಿದ್ದ ವಿಜಯಪುರದ ನಮ್ಮ ನಸುಕಿನ ಬಳಗವೇ ಈಗ ವಿವರ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ಮೊದಲ ವರ್ಷ ಕಳೆದುಕೊಂಡದ್ದೇ ಹೆಚ್ಚು. ಜಿಮ್ಮಿಗೆ ಹನ್ನೆರಡು ಸಾವಿರ ಕಟ್ಟಿ ಏಳು ವಾರ ಹೋದೆ. ಓಟ್ಸ್, ಆಲಿವ್ ಎಣ್ಣೆ ಎಂದು ತಿಂಗಳಿಗೆ ಎರಡೂವರೆ ಸಾವಿರ ಸುರಿದೆ. ದಲಾಲಿ ಅಂಗಡಿಯಲ್ಲಿ ಇಪ್ಪತ್ತು ವರ್ಷ ಕುಳಿತೇ ದುಡಿದ ದೇಹವನ್ನು ಒಮ್ಮೆಲೇ ಓಡಿಸಿದ್ದರಿಂದ ಮೊಣಕಾಲು ಬಾತು, ಎರಡು ತಿಂಗಳು ಮನೆಯಲ್ಲೇ ಉಳಿಯಬೇಕಾಯಿತು. ಇಷ್ಟಾದರೂ ಒತ್ತಡ ಐದು ಅಂಕಿಯಷ್ಟೂ ಇಳಿಯಲಿಲ್ಲ.

ದಾರಿ ತೋರಿದ್ದು ಉಪ್ಪಿನ ಪೊಟ್ಟಣ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು, ಅಂದರೆ ನಾಲ್ವರ ಮನೆಗೆ ತಿಂಗಳಿಗೆ ಹೆಚ್ಚೆಂದರೆ 600 ಗ್ರಾಂ. ನಾನು ಪೊಟ್ಟಣ ಒಡೆದ ದಿನವನ್ನು ಅದರ ಮೇಲೆಯೇ ಬರೆದಿಟ್ಟು ನೋಡಿದಾಗ, ನಮ್ಮಲ್ಲಿ ಒಂದು ಕಿಲೋ ಇಪ್ಪತ್ತು ದಿನವೂ ಬಾಳುತ್ತಿರಲಿಲ್ಲ. ಜೋಳದ ರೊಟ್ಟಿಗೆ ನಾವು ಉಪ್ಪು ಹಾಕುವುದೇ ಇಲ್ಲವಾದ್ದರಿಂದ ತಪ್ಪು ರೊಟ್ಟಿಯದಲ್ಲ. ಅದೆಲ್ಲ ಶೇಂಗಾ ಹಿಂಡಿ, ಕೆಂಪು ಖಾರ, ಉಪ್ಪಿನಕಾಯಿಗಳಲ್ಲಿ ಅಡಗಿತ್ತು. ಹಿಂಡಿಯ ಉಪ್ಪನ್ನು ವಾರಕ್ಕೆ ಒಂದೊಂದು ಚಿಟಿಕೆಯಂತೆ ಇಳಿಸಿದ್ದರಿಂದ ನಾಲಿಗೆ ಜಗಳ ತೆಗೆಯಲಿಲ್ಲ. ಈಗ ಅದೇ ಪೊಟ್ಟಣ ಸುಮಾರು ನಲವತ್ತೈದು ದಿನ ಬರುತ್ತದೆ. ಶೇಂಗಾದ ಜೊತೆ ಅಗಸಿ ಹಿಂಡಿಯನ್ನೂ ಮಾಡಿಕೊಳ್ಳುತ್ತೇನೆ; ಅಗಸಿಯನ್ನು ಹುರಿದು ಪುಡಿ ಮಾಡಿಯೇ ತಿನ್ನಬೇಕು, ಇಡಿ ಕಾಳು ಅರಗದೆ ಹೊರಬೀಳುತ್ತದೆ. ಉಪ್ಪಿನ ಕೊರತೆ ತಿಳಿಯದಂತೆ ನನ್ನ ಅಗಸಿ ಹಿಂಡಿಗೆ ಬೀಳುವ ಇನ್ನೆರಡು ಪದಾರ್ಥಗಳನ್ನು ಮಾತ್ರ ನಾನು ಯಾರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಎಣ್ಣೆಯನ್ನೂ ಮೂರೂವರೆ ಲೀಟರಿನಿಂದ ಎರಡಕ್ಕೆ ತಂದೆವು. ಕೆಟ್ಟ ಕೊಲೆಸ್ಟ್ರಾಲ್ 160ರ ಮೇಲಿದ್ದದ್ದು 120ರೊಳಗೆ ಬಂದಿದೆ.

ನಡಿಗೆಯಲ್ಲಿ ಮೂರು ನಿಮಿಷ ಬಿರುಸು, ಮೂರು ನಿಮಿಷ ನಿಧಾನ, ಹೀಗೆ ನಲವತ್ತು ನಿಮಿಷ, ವಾರಕ್ಕೆ ಐದು ದಿನ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸುತ್ತೇನೆ. ಇದರ ನಡುವೆ ನನ್ನದೇ ಒಂದು ಪರೀಕ್ಷೆ ಮಾಡಿಕೊಂಡೆ: ಗುಮ್ಮಟದ ಮೂಲೆಯ ಏಳು ಅಂತಸ್ತಿನ ಗೋಪುರದ ಮೆಟ್ಟಿಲೇರಿ, ಪಿಸುಗುಟ್ಟುವ ಮೊಗಸಾಲೆಗೆ ಕಾಲಿಡುವ ಮೊದಲು ನಾಡಿ ಎಣಿಸುವುದು, ಒಂದು ನಿಮಿಷ ಕುಳಿತು ಮತ್ತೆ ಎಣಿಸುವುದು. ಮೊದಲ ಸಲ 150 ಇದ್ದದ್ದು 140ಕ್ಕಷ್ಟೇ ಇಳಿದಿತ್ತು. ಕಳೆದ ತಿಂಗಳು 128ರಿಂದ 102ಕ್ಕೆ ಬಂತು. ಹೃದಯ ಎಷ್ಟು ಬೇಗ ಸುಧಾರಿಸಿಕೊಳ್ಳುತ್ತದೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಅಳತೆ ಸಿಕ್ಕಿಲ್ಲ, ಆದರೆ ಎದೆನೋವು ಇರುವವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

ಸೋತದ್ದು ಉಪ್ಪಿನಕಾಯಿಯಲ್ಲಿ. ಅರ್ಧ ಉಪ್ಪಿನಲ್ಲಿ ಹಾಕಿದ ಎರಡು ಭರಣಿ ಮಾವಿನಕಾಯಿ ಮೂರೇ ವಾರಕ್ಕೆ ಬೂಸ್ಟು ಹಿಡಿದು, ಎಂಟುನೂರು ರೂಪಾಯಿಯ ಮಾಲು ತಿಪ್ಪೆಗೆ ಹೋಯಿತು. ಈ ವರ್ಷ ಹಳೆಯ ಪ್ರಮಾಣದಲ್ಲೇ ಹಾಕಿದ್ದೇವೆ, ಭರಣಿ ತೆರೆಯುವುದು ಭಾನುವಾರ ಮಾತ್ರ, ತಲೆಗೊಂದು ಹೋಳು.